ವರದಿಯಲ್ಲಿ ‘ಸ್ಟ್ರೋಮಾ’ ಎಂದಿದ್ದರೆ ಏನರ್ಥ? ಸ್ತನ ಕ್ಯಾನ್ಸರ್ ಮತ್ತು ಅದರ ನೆರೆಯ ಅಂಗಾಂಶ

ಪ್ರಶ್ನೆ: ನನ್ನ ಅಕ್ಕನಿಗೆ 46 ವರ್ಷ. ಎಡ ಸ್ತನದಲ್ಲಿ ಗಂಟು ಕಾಣಿಸಿಕೊಂಡು ಬಯಾಪ್ಸಿ ಮಾಡಿಸಿದೆವು. ‘ಇನ್‌ವೇಸಿವ್ ಡಕ್ಟಲ್ ಕಾರ್ಸಿನೋಮಾ, ಗ್ರೇಡ್ 3, ಇಆರ್, ಪಿಆರ್, ಹರ್-2 ಮೂರೂ ನೆಗೆಟಿವ್’ ಎಂದು ವರದಿ ಬಂದಿದೆ. ಅದರ ಕೆಳಗೆ ‘ಸ್ಟ್ರೋಮಾ ಡೆಸ್ಮೋಪ್ಲಾಸ್ಟಿಕ್, ಸ್ಟ್ರೋಮಲ್ ಟಿಐಎಲ್ ಶೇ. 40’ ಎಂಬ ಸಾಲಿದೆ. ಡಾಕ್ಟರು ‘ಅದು ಗಡ್ಡೆಯ ಸುತ್ತಲಿನ ಅಂಗಾಂಶದ ವಿಷಯ, ಅದೂ ಮುಖ್ಯವೇ’ ಎಂದಷ್ಟೇ ಹೇಳಿದರು. ಮೊದಲು ಕೀಮೋ, ಆಮೇಲೆ ಆಪರೇಷನ್ ಎಂದಿದ್ದಾರೆ. ಕ್ಯಾನ್ಸರ್ ಇರುವುದು ಜೀವಕೋಶದಲ್ಲಿ ಅಂದಮೇಲೆ ಸುತ್ತಲಿನ ಅಂಗಾಂಶಕ್ಕೆ ಅದರಲ್ಲೇನು ಪಾತ್ರ? ಸುತ್ತಲೂ ಹರಡಿದೆ ಎಂದು ಇದರ ಅರ್ಥವೇ? ಸೂಜಿ ಚುಚ್ಚಿದ್ದರಿಂದಲೇ ಕೆರಳಿತು ಎಂದು ನೆಂಟರು ಹೇಳುತ್ತಿದ್ದಾರೆ, ನಿಜವೇ? ಸುತ್ತಲಿನ ಅಂಗಾಂಶವನ್ನು ಸರಿಪಡಿಸಲು ಮನೆಯಲ್ಲಿ ಏನಾದರೂ ಕೊಡಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಮನೆಯವರ ನಿದ್ದೆ ಕೆಡಿಸುತ್ತಿರುವುದು ಅದೇ ಇರಬೇಕು. ವರದಿಯ ಆ ಸಾಲು ಕ್ಯಾನ್ಸರ್ ಎಲ್ಲಿಯವರೆಗೆ ಹರಡಿದೆ ಎಂಬುದನ್ನು ಹೇಳುವುದಿಲ್ಲ. ಅದನ್ನು ಕಂಕುಳಿನ ಲಿಂಫ್ ಗ್ರಂಥಿಗಳ ಪರೀಕ್ಷೆಯಿಂದ ಮತ್ತು ಸ್ಕ್ಯಾನ್‌ಗಳಿಂದ ತಿಳಿಯಬೇಕು; ಶಾವಿಗೆಯ ತುಂಡಿನಂತಿರುವ ಬಯಾಪ್ಸಿಯ ಚೂರು ನೋಡಿ ಯಾರೂ ಹೇಳಲಾರರು. ಸ್ಟ್ರೋಮಾ ಎಂದರೆ ಕ್ಯಾನ್ಸರ್ ಕೋಶಗಳ ಗುಂಪುಗಳ ನಡುವೆಯೂ ಸುತ್ತಲೂ ಇರುವ, ತಾನು ಕ್ಯಾನ್ಸರ್ ಅಲ್ಲದ ಅಂಗಾಂಶ. ಕೊಲಾಜನ್ ಎಂಬ ನಾರು, ಆ ನಾರನ್ನು ತಯಾರಿಸುವ ಫೈಬ್ರೋಬ್ಲಾಸ್ಟ್ ಕೋಶಗಳು, ಕೊಬ್ಬು, ರಕ್ತನಾಳ, ರೋಗನಿರೋಧಕ ಕೋಶಗಳು ಎಲ್ಲವೂ ಅದರಲ್ಲಿ ಸೇರುತ್ತವೆ. ಕೈಗೆ ಗಟ್ಟಿಯಾಗಿ ಸಿಗುವ ಗಂಟಿನಲ್ಲಿ ಎಷ್ಟೋ ಸಲ ಕ್ಯಾನ್ಸರ್ ಕೋಶಗಳಿಗಿಂತ ಇವುಗಳ ಪಾಲೇ ದೊಡ್ಡದು.

ಇನ್ನು, ಸುತ್ತಲಿನದಕ್ಕೆ ಇದರಲ್ಲೇನು ಪಾತ್ರ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಹೇಳಬೇಕಾದರೆ ಆರೋಗ್ಯವಂತ ಸ್ತನದಿಂದಲೇ ಆರಂಭಿಸಬೇಕು. ದೇಹದ ಬಹುತೇಕ ಅಂಗಗಳು ಹುಟ್ಟುವಾಗಲೇ ತಮ್ಮ ಆಕಾರವನ್ನು ಬಹುಮಟ್ಟಿಗೆ ಪಡೆದಿರುತ್ತವೆ. ಸ್ತನ ಹಾಗಲ್ಲ. ಹರೆಯಕ್ಕೆ ಬಂದಾಗ ಅದರ ನಾಳಗಳು ಕೊಬ್ಬಿನೊಳಗೆ ಕವಲೊಡೆಯುತ್ತವೆ, ಪ್ರತಿ ತಿಂಗಳ ಋತುಚಕ್ರದಲ್ಲಿ ಸ್ವಲ್ಪ ಬೆಳೆದು ಸ್ವಲ್ಪ ಕುಗ್ಗುತ್ತವೆ, ಬಸುರಿನಲ್ಲಿ ಹಾಲಿನ ಗ್ರಂಥಿಗಳು ತುಂಬಿಕೊಳ್ಳುತ್ತವೆ, ಮಗು ಹಾಲು ಬಿಟ್ಟ ಕೆಲವು ವಾರಗಳಲ್ಲಿ ಆ ಗ್ರಂಥಿಗಳ ಹೆಚ್ಚಿನ ಕೋಶಗಳು ಸತ್ತು, ಅಂಗಾಂಶ ಮತ್ತೆ ಹಳೆಯ ಸ್ಥಿತಿಯ ಹತ್ತಿರಕ್ಕೆ ಬರುತ್ತದೆ. ಯಾವಾಗ ಬೆಳೆಯಬೇಕು, ಎಲ್ಲಿ ನಿಲ್ಲಬೇಕು, ಯಾವಾಗ ಸಾಯಬೇಕು ಎಂಬ ಸೂಚನೆಗಳನ್ನು ಸ್ತನದ ಕೋಶಗಳು ಹಾರ್ಮೋನುಗಳಿಂದ ಪಡೆಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಷ್ಟೇ ಮಟ್ಟಿಗೆ ಪಕ್ಕದ ನಾರು, ಕೊಬ್ಬು ಮತ್ತು ನಿರೋಧಕ ಕೋಶಗಳಿಂದಲೂ ಪಡೆಯುತ್ತವೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ನೆರೆಯವರ ಮಾತು ಕೇಳಿಕೊಂಡೇ ಬದುಕುವುದು ಈ ಕೋಶಗಳ ಹುಟ್ಟುಗುಣ. ಕ್ಯಾನ್ಸರ್ ಆದಮೇಲೂ ಆ ಗುಣ ಪೂರ್ತಿ ಹೋಗುವುದಿಲ್ಲ.

ಸೂಕ್ಷ್ಮದರ್ಶಕದ ಕೆಳಗೆ ಆರೋಗ್ಯವಂತ ಹಾಲಿನ ನಾಳವೊಂದನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಎರಡು ಸುತ್ತಿನ ಬಳೆಯಂತೆ ಕಾಣುತ್ತದೆ. ಒಳಸುತ್ತಿನವು ಹಾಲು ಸ್ರವಿಸುವ ಕೋಶಗಳು. ಹೊರಸುತ್ತಿನವು ಮಯೋಎಪಿಥೀಲಿಯಲ್ ಕೋಶಗಳು. ಹಾಲೂಡಿಸುವಾಗ ಹಿಂಡಿ ಹಾಲನ್ನು ಹೊರಕ್ಕೆ ತಳ್ಳುವ ಕೆಲಸ ಅವುಗಳದು. ಎರಡನ್ನೂ ಹೊರಗಿನಿಂದ ಸುತ್ತಿರುವುದು ತಳಪೊರೆ ಎಂಬ ತೆಳುವಾದ ಹಾಳೆ. ಅದರಲ್ಲಿ ಲ್ಯಾಮಿನಿನ್ ಎಂಬ ಪ್ರೋಟೀನ್ ಇದೆ, ಮತ್ತು ಒಳಕೋಶಗಳಿಗೆ ಯಾವುದು ಒಳಗಡೆ, ಯಾವುದು ಹೊರಗಡೆ ಎಂಬ ದಿಕ್ಕು ತಿಳಿಯುವುದರಲ್ಲಿ ಅದರ ಪಾಲು ದೊಡ್ಡದು. ಸಂಶಯದ ಬಯಾಪ್ಸಿ ಬಂದಾಗ ನಾವು ಪೆಥಾಲಜಿಯವರು ಪಿ63 ಎಂಬ ವಿಶೇಷ ಬಣ್ಣ ಹಾಕಿಸುತ್ತೇವೆ. ಹೊರಸುತ್ತಿನ ಕೋಶಗಳ ನ್ಯೂಕ್ಲಿಯಸ್ಸುಗಳು ಕಂದು ಚುಕ್ಕೆಗಳಾಗಿ ಕಾಣುತ್ತವೆ. ನಾಳದ ಒಳಗೆ ಕ್ಯಾನ್ಸರ್ ಕೋಶಗಳು ತುಂಬಿ ತುಳುಕುತ್ತಿದ್ದರೂ ಸುತ್ತಲೂ ಆ ಕಂದು ಚುಕ್ಕೆಗಳ ಸಾಲು ಹಾಗೆಯೇ ಇದ್ದರೆ ಅದನ್ನು ಡಿಸಿಐಎಸ್, ಅಂದರೆ ನಾಳದ ಒಳಗೇ ಉಳಿದಿರುವ ಕ್ಯಾನ್ಸರ್, ಎಂದು ಬರೆಯುತ್ತೇವೆ. ಸಾಲು ಇಲ್ಲವಾಗಿ, ಕೋಶಗಳು ನಾರಿನ ನಡುವೆ ನುಗ್ಗಿದ್ದರೆ ‘ಇನ್‌ವೇಸಿವ್’ ಎನ್ನುತ್ತೇವೆ. ಡಿಸಿಐಎಸ್ ಆದವರೆಲ್ಲರಿಗೂ ಅದು ಇನ್‌ವೇಸಿವ್ ಆಗುವುದಿಲ್ಲ. ಎರಡೂ ಹಂತದ ಕ್ಯಾನ್ಸರ್ ಕೋಶಗಳ ಜೀನ್‌ಗಳನ್ನು ಹೋಲಿಸಿದರೆ ಎಷ್ಟೋ ಬಾರಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗುವುದಿಲ್ಲ. ಎದ್ದು ಕಾಣುವ ಬದಲಾವಣೆ ಆಗಿರುವುದು ಸುತ್ತುಗೋಡೆಯಲ್ಲಿ.

ಈ ಕಡೆಗೆ ವಿಜ್ಞಾನಿಗಳ ಗಮನವನ್ನು ಬಲವಾಗಿ ಎಳೆದವರು ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ, ಇರಾನ್ ಮೂಲದ ಮೀನಾ ಬಿಸೆಲ್. ಕೋಳಿಗಳಲ್ಲಿ ಕ್ಯಾನ್ಸರ್ ತರುವ ವೈರಸ್ ಒಂದನ್ನು ಪೇಟನ್ ರೌಸ್ 1911ರಲ್ಲೇ ವರದಿ ಮಾಡಿದ್ದರು, ಅದಕ್ಕಾಗಿ 1966ರಲ್ಲಿ ನೊಬೆಲ್ ಪ್ರಶಸ್ತಿಯನ್ನೂ ಪಡೆದರು. ಬಿಸೆಲ್ ಮತ್ತು ಡೇವಿಡ್ ಡಾಲ್ಬರ್ಗ್ ಅದೇ ವೈರಸ್ಸನ್ನು ಮೊಟ್ಟೆಯೊಳಗಿನ ಎಳೆಯ ಭ್ರೂಣದ ರೆಕ್ಕೆಗೆ ಚುಚ್ಚಿ ನೋಡಿ 1984ರಲ್ಲಿ ಫಲಿತಾಂಶ ಪ್ರಕಟಿಸಿದರು: ವೈರಸ್ ಕೋಶಗಳೊಳಗೆ ಸೇರಿಕೊಂಡಿತು, ಅದರ ಕ್ಯಾನ್ಸರ್ ಜೀನ್ ಕೆಲಸವನ್ನೂ ಮಾಡುತ್ತಿತ್ತು, ಆದರೂ ಗಡ್ಡೆಯಾಗಲಿಲ್ಲ. ಅದೇ ಕೋಶಗಳನ್ನು ಭ್ರೂಣದಿಂದ ಬಿಡಿಸಿ ಗಾಜಿನ ತಟ್ಟೆಗೆ ಹಾಕಿದ್ದೇ ತಡ, ಅವು ಕ್ಯಾನ್ಸರ್ ಕೋಶಗಳಂತೆ ವರ್ತಿಸತೊಡಗಿದವು. ಹುಟ್ಟಿದ ಮರಿಗಳಲ್ಲಾದರೆ ಚುಚ್ಚಿದ ರೆಕ್ಕೆಯಲ್ಲಿ ಗಡ್ಡೆಯಾಗುತ್ತಿತ್ತು. ಇನ್ನೊಂದು ರೆಕ್ಕೆಗೆ ಗಾಯ ಮಾಡಿದರೆ ಅಲ್ಲಿಯೂ ಗಡ್ಡೆ ಬರುತ್ತಿತ್ತು. ಗಾಯದ ವಿಷಯಕ್ಕೆ ಮುಂದೆ ಬರುತ್ತೇನೆ, ನಿಮ್ಮ ನೆಂಟರ ಮಾತಿಗೂ ಅದಕ್ಕೂ ಸಂಬಂಧವಿದೆ.

1997ರಲ್ಲಿ ಅದೇ ಪ್ರಯೋಗಾಲಯದಲ್ಲಿ ವ್ಯಾಲೆರಿ ವೀವರ್ ಮತ್ತಿತರರು ಮಾನವ ಸ್ತನದ ಕ್ಯಾನ್ಸರ್ ಕೋಶಗಳನ್ನು ಲ್ಯಾಮಿನಿನ್ ತುಂಬಿದ ಮೆತ್ತನೆಯ ಜೆಲ್ಲಿನಲ್ಲಿ ಬೆಳೆಸಿದರು. ಸಾಮಾನ್ಯ ಕೋಶಗಳು ಆ ಜೆಲ್ಲಿನಲ್ಲಿ ಪುಟ್ಟ ಪೊಳ್ಳು ಗೋಳಗಳನ್ನು ಕಟ್ಟಿ ಬೆಳವಣಿಗೆ ನಿಲ್ಲಿಸುತ್ತವೆ, ಕ್ಯಾನ್ಸರ್ ಕೋಶಗಳು ಅಡ್ಡಾದಿಡ್ಡಿ ಮುದ್ದೆಯಾಗಿ ಬೆಳೆಯುತ್ತಲೇ ಹೋಗುತ್ತವೆ. ಕೋಶವು ಹೊರಗಿನ ನಾರನ್ನು ಹಿಡಿದುಕೊಳ್ಳಲು ಬಳಸುವ ಬೀಟಾ-1 ಇಂಟೆಗ್ರಿನ್ ಎಂಬ ಕೊಂಡಿಯನ್ನು ಪ್ರತಿಕಾಯವೊಂದರಿಂದ ತಡೆದಾಗ ಆ ಮುದ್ದೆಗಳು ಶಿಸ್ತಾದ ಗೋಳಗಳಾಗಿಬಿಟ್ಟವು. ಜೀನ್‌ಗಳಲ್ಲಿನ ದೋಷಗಳೆಲ್ಲ ಇದ್ದಲ್ಲಿಯೇ ಇದ್ದವು. ಬದಲಾದದ್ದು ಕೋಶ ಹೊರಗಿನಿಂದ ಪಡೆಯುತ್ತಿದ್ದ ಸಂಕೇತ ಮಾತ್ರ. ಇದು ತಟ್ಟೆಯಲ್ಲಿ ನಡೆದದ್ದು, ಇಲಿಗಳಲ್ಲಿ ಗಡ್ಡೆ ಕಡಿಮೆಯಾದದ್ದೂ ಕಂಡಿತು, ಹಾಗೆಂದು ಇಂದು ರೋಗಿಗೆ ಕೊಡುವ ಔಷಧವಲ್ಲ. ಆದರೆ ದೋಷವಿರುವ ಜೀನ್ ಒಂದೇ ಕೋಶದ ಹಣೆಬರಹ ಬರೆಯುತ್ತದೆ ಎಂಬ ನಂಬಿಕೆ ಅಂದಿನಿಂದ ಸಡಿಲವಾಯಿತು.

ನಿಮ್ಮ ಅಕ್ಕನವರ ವರದಿಯಲ್ಲಿರುವ ‘ಡೆಸ್ಮೋಪ್ಲಾಸ್ಟಿಕ್’, ಅಂದರೆ ದಟ್ಟ ನಾರು ಬೆಳೆದ, ಎಂಬ ಪದ ಹೇಳುವುದು ಕೋಶಕ್ಕೂ ನೆರೆಯ ಅಂಗಾಂಶಕ್ಕೂ ನಡೆಯುವ ಈ ಮಾತುಕತೆ ಕೆಟ್ಟಾಗ ಏನಾಗುತ್ತದೆ ಎಂಬುದನ್ನು. ಆಪರೇಷನ್ ಆದ ಗಡ್ಡೆಯನ್ನು ಚಾಕುವಿನಿಂದ ಕೊಯ್ಯುವಾಗ ಬಲಿಯದ ಸೀಬೆಕಾಯಿ ಕೊಯ್ದಂತೆ ಕರಕರ ಎನ್ನುತ್ತದೆ. ನಮ್ಮ ವಿಭಾಗದಲ್ಲಿ ಹೊಸಬರು ಮೊದಲು ಕಲಿಯುವುದೇ ಆ ಸದ್ದು ಮತ್ತು ಆ ಗಡಸು. ಬಹುಪಾಲು ಆ ಗಡಸುತನ ನಾರಿನದು. ಕ್ಯಾನ್ಸರ್ ಕೋಶಗಳು ಟಿಜಿಎಫ್-ಬೀಟಾದಂತಹ ಸಂಕೇತಗಳನ್ನು ಬಿಟ್ಟು ಫೈಬ್ರೋಬ್ಲಾಸ್ಟ್‌ಗಳನ್ನು ಎಬ್ಬಿಸುತ್ತವೆ, ಅವು ಗಾಯ ಮುಚ್ಚಲು ಬಂದವರಂತೆ ಕೊಲಾಜನ್ ಸುರಿಯುತ್ತವೆ. ಗಾಯವಾದರೆ ಮುಚ್ಚಿದ ಮೇಲೆ ಕೆಲಸ ನಿಲ್ಲುತ್ತದೆ. ಇಲ್ಲಿ ಮುಚ್ಚಬೇಕಾದದ್ದು ಏನೂ ಇಲ್ಲ, ಆದ್ದರಿಂದ ಕೆಲಸವೂ ಮುಗಿಯುವುದಿಲ್ಲ. ಬಾಸ್ಟನ್ನಿನ ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಗಡ್ಡೆಯನ್ನು ಮಾಯದ ಗಾಯ ಎಂದು ಕರೆದದ್ದು ಇದಕ್ಕೇ. ಎದ್ದ ಫೈಬ್ರೋಬ್ಲಾಸ್ಟ್‌ಗಳು ಸುಮ್ಮನೆಯೂ ಇರುವುದಿಲ್ಲ. ಸಿಎಕ್ಸ್‌ಸಿಎಲ್12ರಂತಹ ಪ್ರೋಟೀನುಗಳನ್ನು ಹೊರಬಿಟ್ಟು ಕ್ಯಾನ್ಸರ್ ಕೋಶಗಳ ಬೆಳವಣಿಗೆಗೆ ನೆರವಾಗುತ್ತವೆ, ಹೊಸ ರಕ್ತನಾಳ ಕಟ್ಟುವ ಕೋಶಗಳನ್ನು ಕರೆಯುತ್ತವೆ. ನಾರು ಬಿಗಿಯಾದಷ್ಟೂ ಆ ಬಿಗಿತವೇ ಮತ್ತೊಂದು ಸಂಕೇತ: ಇಲಿಗಳಲ್ಲಿ ಅಳೆದಾಗ ಸಾಮಾನ್ಯ ಸ್ತನದ ಗಡಸುತನ ಸುಮಾರು 170 ಪ್ಯಾಸ್ಕಲ್, ಗಡ್ಡೆಯದು ಸುಮಾರು 4,000 ಪ್ಯಾಸ್ಕಲ್ ಇತ್ತು, ಮತ್ತು ಇಂಟೆಗ್ರಿನ್ ಕೊಂಡಿಗಳು ಈ ಎಳೆತವನ್ನು ‘ಬೆಳೆ, ಮುಂದೆ ಸರಿ’ ಎಂಬ ಆದೇಶವಾಗಿ ಕೋಶದೊಳಕ್ಕೆ ಒಯ್ಯುತ್ತವೆ.

ಟಿಜಿಎಫ್-ಬೀಟಾದ ಬಗ್ಗೆ ಒಂದು ಮಾತು ಹೇಳಲೇಬೇಕು. ಆರಂಭದ ಹಂತದಲ್ಲಿ ಇದೇ ಸಂಕೇತ ಸ್ತನದ ಕೋಶಗಳ ಬೆಳವಣಿಗೆಗೆ ಕಡಿವಾಣ. ಮುಂದೆ ಕ್ಯಾನ್ಸರ್ ಕೋಶಗಳು ಆ ಕಡಿವಾಣವನ್ನು ಕಳಚಿಕೊಂಡಮೇಲೆ ಅದೇ ಸಂಕೇತ ಅವುಗಳ ಓಡಾಟಕ್ಕೆ ಇಂಧನವಾಗುತ್ತದೆ. ಹೀಗಾಗಿ ‘ಈ ಸಂಕೇತ ಕೆಟ್ಟದ್ದು, ಇದನ್ನು ನಿಲ್ಲಿಸಿದರೆ ಸಾಕು’ ಎಂದು ಯಾರಾದರೂ ಸರಳವಾಗಿ ಹೇಳಿದರೆ ನನಗೆ ಅನುಮಾನ ಬರುತ್ತದೆ.

ಮ್ಯಾಕ್ರೋಫೇಜ್ ಎಂಬ ನಿರೋಧಕ ಕೋಶಗಳ ಕಥೆಯೂ ಹೀಗೆಯೇ. ಕಸ ನುಂಗಿ ಗಾಯ ತೊಳೆಯಬೇಕಾದವು ಇವು. ಸ್ತನದ ಗಡ್ಡೆಯಲ್ಲಿ ಕ್ಯಾನ್ಸರ್ ಕೋಶ ಸಿಎಸ್‌ಎಫ್-1 ಎಂಬ ಸಂಕೇತ ಬಿಟ್ಟು ಮ್ಯಾಕ್ರೋಫೇಜನ್ನು ಕರೆಯುತ್ತದೆ, ಮ್ಯಾಕ್ರೋಫೇಜ್ ಪ್ರತಿಯಾಗಿ ಇಜಿಎಫ್ ಎಂಬ ಸಂಕೇತ ಬಿಟ್ಟು ಕ್ಯಾನ್ಸರ್ ಕೋಶವನ್ನು ಎಳೆಯುತ್ತದೆ. ಇಬ್ಬರೂ ಒಬ್ಬರ ಹಿಂದೊಬ್ಬರು ಕೊಲಾಜನ್ ಎಳೆಯ ಮೇಲೆ ಸಾಗಿ ರಕ್ತನಾಳದ ಬಾಗಿಲಿಗೆ ತಲುಪುವುದನ್ನು ಬದುಕಿರುವ ಇಲಿಗಳ ಗಡ್ಡೆಯಲ್ಲೇ ಚಿತ್ರೀಕರಿಸಿದ್ದಾರೆ. ನ್ಯೂಯಾರ್ಕಿನಲ್ಲಿ ಜೆಫ್ರಿ ಪೊಲಾರ್ಡ್ ಅವರ ತಂಡ 2001ರಲ್ಲಿ ಸಿಎಸ್‌ಎಫ್-1 ಇಲ್ಲದ ಇಲಿಗಳನ್ನು ಪರೀಕ್ಷಿಸಿದಾಗ ಸ್ತನದ ಗಡ್ಡೆ ಬಂದೇ ಬಂದಿತು, ಆದರೆ ಅದು ಉಗ್ರವಾಗುವುದು ತಡವಾಯಿತು, ಶ್ವಾಸಕೋಶಕ್ಕೆ ಹರಡುವುದು ತೀರ ಕಡಿಮೆಯಾಯಿತು.

ಈಗ ನಿಮ್ಮ ವರದಿಯ ‘ಟಿಐಎಲ್ ಶೇ. 40’. ಇದು ಒಳ್ಳೆಯ ಸುದ್ದಿಯ ಕಡೆಗೆ ವಾಲುವ ಸಂಖ್ಯೆ. ಗಡ್ಡೆಯೊಳಗೆ ಬಂದು ಸೇರಿರುವ ಲಿಂಫೋಸೈಟ್‌ಗಳು, ಅಂದರೆ ಕ್ಯಾನ್ಸರನ್ನು ಗುರುತಿಸಿ ಎದುರು ನಿಂತಿರಬಹುದಾದ ನಿರೋಧಕ ಕೋಶಗಳು, ಎಷ್ಟಿವೆ ಎಂಬುದರ ಅಂದಾಜು ಇದು. ನಾವು ಇವನ್ನು ಒಂದೊಂದಾಗಿ ಎಣಿಸುವುದಿಲ್ಲ. ಗಡ್ಡೆಯ ಗಡಿಯೊಳಗಿನ ಸ್ಟ್ರೋಮಾವನ್ನು ಮಾತ್ರ ನೋಡಿ, ಅದರ ಎಷ್ಟು ಭಾಗ ಜಾಗ ಈ ಸಣ್ಣ ಕಡುನೀಲಿ ಕೋಶಗಳಿಂದ ತುಂಬಿದೆ ಎಂದು ಶೇಕಡಾವಾರು ಬರೆಯುತ್ತೇವೆ. ಸತ್ತ ಅಂಗಾಂಶವಿರುವ ಜಾಗವನ್ನು ಬಿಡಬೇಕು, ಹಿಂದೆ ಸೂಜಿ ಹೋದ ದಾರಿಯನ್ನೂ ಬಿಡಬೇಕು, ಏಕೆಂದರೆ ಅಲ್ಲಿ ಸೇರಿದ ಕೋಶಗಳು ಗಾಯಕ್ಕೆ ಬಂದವು, ಕ್ಯಾನ್ಸರಿಗಲ್ಲ. ಇಬ್ಬರು ನೋಡಿದರೆ ಒಬ್ಬರು 35 ಎನ್ನಬಹುದು, ಇನ್ನೊಬ್ಬರು 45 ಎನ್ನಬಹುದು. ಅಷ್ಟರ ಮಟ್ಟಿಗಿನ ಅಂದಾಜು ಎಂದು ತಿಳಿಯಿರಿ. ಈಸ್ಟ್ರೋಜನ್ ಗ್ರಾಹಕ (ಇಆರ್), ಪ್ರೊಜೆಸ್ಟರಾನ್ ಗ್ರಾಹಕ (ಪಿಆರ್), ಹರ್-2 ಎಂಬ ಬೆಳವಣಿಗೆಯ ಪ್ರೋಟೀನ್ ಮೂರೂ ನೆಗೆಟಿವ್ ಆದ, ಅಂದರೆ ಟ್ರಿಪಲ್ ನೆಗೆಟಿವ್ ಕ್ಯಾನ್ಸರಿನಲ್ಲಿ ಈ ಸಂಖ್ಯೆಗೆ ಬೆಲೆ ಹೆಚ್ಚು. ಆಪರೇಷನ್ ನಂತರ ಕೀಮೋ ಪಡೆದ 2,148 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಟಿಐಎಲ್ ಶೇ. 10ರಷ್ಟು ಹೆಚ್ಚಾದಂತೆಲ್ಲ ರೋಗ ಮರುಕಳಿಸುವುದೇ ಮೊದಲಾದ ಅಪಾಯ ಸುಮಾರು ಶೇ. 13ರಷ್ಟು ಇಳಿಯುತ್ತಾ ಹೋಯಿತು. ಇದು ಗುಂಪಿನ ಲೆಕ್ಕ, ನಿಮ್ಮ ಅಕ್ಕನವರೊಬ್ಬರ ಭವಿಷ್ಯವಾಣಿಯಲ್ಲ. ಈ ಸಂಖ್ಯೆ ಚೆನ್ನಾಗಿದೆ ಎಂದು ಕೀಮೋವನ್ನು ಕಡಿಮೆ ಮಾಡಲು ಈಗ ಯಾರೂ ಹೇಳುವುದಿಲ್ಲ, ನೀವೂ ಕೇಳಬೇಡಿ.

ಆ ಲಿಂಫೋಸೈಟ್‌ಗಳು ಬಂದೂ ಕೆಲಸ ಮಾಡದೆ ಕುಳಿತಿರುವುದುಂಟು. ಕ್ಯಾನ್ಸರ್ ಕೋಶಗಳೂ ಅವುಗಳ ನೆರೆಯ ಕೋಶಗಳೂ ಪಿಡಿ-ಎಲ್1 ಎಂಬ ಪ್ರೋಟೀನನ್ನು ಮುಂದೊಡ್ಡಿ ‘ನಿಲ್ಲು’ ಎಂದು ಅವಕ್ಕೆ ಸೂಚನೆ ಕೊಡುತ್ತವೆ. ಪೆಂಬ್ರೋಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧ ಲಿಂಫೋಸೈಟಿನ ಕಡೆಯಿಂದ ಈ ಸೂಚನೆಯನ್ನು ತಡೆಯುತ್ತದೆ. ಕೀನೋಟ್-522 ಎಂಬ ಅಧ್ಯಯನದಲ್ಲಿ ಎರಡು ಮತ್ತು ಮೂರನೆಯ ಹಂತದ ಟ್ರಿಪಲ್ ನೆಗೆಟಿವ್ ಕ್ಯಾನ್ಸರಿನ 1,174 ರೋಗಿಗಳಿಗೆ ಆಪರೇಷನ್‌ಗೆ ಮೊದಲು ಕೀಮೋ ಜೊತೆ ಇದನ್ನು, ಇಲ್ಲವೆ ಹುಸಿ ಔಷಧವನ್ನು ಕೊಟ್ಟರು. ಐದು ವರ್ಷದ ನಂತರ ಬದುಕಿದ್ದವರು ಔಷಧದ ಗುಂಪಿನಲ್ಲಿ ಶೇ. 86.6, ಇನ್ನೊಂದರಲ್ಲಿ ಶೇ. 81.7. ಬೆಲೆ ದುಬಾರಿ, ಥೈರಾಯ್ಡ್ ಮತ್ತು ಅಡ್ರಿನಲ್ ಗ್ರಂಥಿಗಳಿಗೆ ಶಾಶ್ವತ ತೊಂದರೆಯಾಗುವುದೂ ಉಂಟು. ನಿಮ್ಮ ಅಕ್ಕನವರಿಗೆ ಮೊದಲು ಕೀಮೋ ಎಂದಿರುವುದರಿಂದ, ‘ಇದರ ಜೊತೆ ಇಮ್ಯುನೋಥೆರಪಿ ಬೇಕೇ, ನಮಗೆ ಅದು ಸಾಧ್ಯವೇ’ ಎಂದು ಮೊದಲ ಡೋಸಿಗೆ ಮುಂಚೆಯೇ ಕೇಳುವುದು ಸೂಕ್ತ.

ಸುತ್ತಲಿನ ಅಂಗಾಂಶವನ್ನು ಗುರಿಯಾಗಿಸುವ ಚಿಕಿತ್ಸೆ ಎಂದರೆ ಏನೋ ಹೊಸತು ಎನಿಸಬಹುದು, ಆದರೆ ಅದರಲ್ಲಿ ಹಳೆಯದೂ ಇದೆ. ಮುಟ್ಟು ನಿಂತ ಮಹಿಳೆಯರಲ್ಲಿ ಈಸ್ಟ್ರೋಜನ್ ತಯಾರಾಗುವುದು ಹೆಚ್ಚಾಗಿ ಕೊಬ್ಬಿನಲ್ಲಿ, ಸ್ತನದ ಕೊಬ್ಬೂ ಸೇರಿ, ಅರೋಮಟೇಸ್ ಎಂಬ ಕಿಣ್ವದಿಂದ. ಇಆರ್ ಪಾಸಿಟಿವ್ ಆದವರು ವರ್ಷಗಟ್ಟಲೆ ನುಂಗುವ ಲೆಟ್ರೋಜೋಲ್ ಮಾತ್ರೆ ಆ ಕಿಣ್ವವನ್ನು ತಡೆಯುತ್ತದೆ, ಎಂದರೆ ಅದು ನೆರೆಯವರ ಬಾಯಿ ಮುಚ್ಚಿಸುವ ಔಷಧವೇ. ನಿಮ್ಮ ಅಕ್ಕನವರಿಗೆ ಅದು ಅನ್ವಯಿಸುವುದಿಲ್ಲ. ಮೂಳೆಯ ವಿಷಯವೂ ಇದೇ. ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿ ಸ್ತನ ಕ್ಯಾನ್ಸರಿನಿಂದ ಸತ್ತ 735 ಮಹಿಳೆಯರ ದಾಖಲೆ ನೋಡಿ, ಯಕೃತ್ತಿನಲ್ಲಿ ಮರಿಗಡ್ಡೆಗಳು ಇಷ್ಟೊಂದು ಇರುವಾಗ ಗುಲ್ಮದಲ್ಲಿ ಅಪರೂಪವೇಕೆ ಎಂದು ಕೇಳಿದರು. ಬೀಜ ಎಲ್ಲೆಡೆ ಬಿದ್ದರೂ ಒಗ್ಗುವ ನೆಲದಲ್ಲಷ್ಟೇ ಮೊಳೆಯುತ್ತದೆ ಎಂಬುದು ಅವರ ಉತ್ತರ. ಮೂಳೆ ಅಂಥ ಒಗ್ಗುವ ನೆಲ. ಅಲ್ಲಿ ಸೇರಿದ ಕ್ಯಾನ್ಸರ್ ಕೋಶ ಮೂಳೆ ಕರಗಿಸುವ ಕೋಶಗಳನ್ನು ಎಬ್ಬಿಸುತ್ತದೆ, ಕರಗಿದ ಮೂಳೆಯಿಂದ ಟಿಜಿಎಫ್-ಬೀಟಾ ಬಿಡುಗಡೆಯಾಗಿ ಕ್ಯಾನ್ಸರಿಗೇ ಉಣಿಸಾಗುತ್ತದೆ. ಜೊಲೆಡ್ರೋನಿಕ್ ಆಮ್ಲದಂತಹ ಮೂಳೆಯ ಔಷಧಗಳು ಈ ಸುತ್ತನ್ನು ಮುರಿಯುತ್ತವೆ, ಮುಟ್ಟು ನಿಂತವರಲ್ಲಿ ಮೂಳೆಗೆ ಮರುಕಳಿಸುವುದನ್ನು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ತಗ್ಗಿಸಿವೆ. ಸೋತ ಪ್ರಯತ್ನಗಳೂ ಇವೆ. ರಕ್ತನಾಳ ಬೆಳೆಯದಂತೆ ತಡೆಯುವ ಬೆವಸಿಜುಮ್ಯಾಬ್‌ಗೆ ಅಮೆರಿಕದಲ್ಲಿ 2008ರಲ್ಲಿ ಸ್ತನ ಕ್ಯಾನ್ಸರಿಗೆ ಸಿಕ್ಕಿದ್ದ ಅನುಮತಿಯನ್ನು, ಆಯುಷ್ಯ ಹೆಚ್ಚಿಸಲಿಲ್ಲವೆಂದು 2011ರಲ್ಲಿ ಹಿಂತೆಗೆದುಕೊಂಡರು.

ಸೂಜಿಯ ವಿಷಯ. ಗಾಯ ಮತ್ತು ಗಡ್ಡೆಗೆ ನಂಟಿದೆ ಎಂದು ಮೇಲೆ ನಾನೇ ಬರೆದಿರುವುದರಿಂದ ನೆಂಟರ ಮಾತನ್ನು ತಳ್ಳಿಹಾಕಿ ಮುಂದೆ ಹೋಗುವುದು ನ್ಯಾಯವಲ್ಲ. ಕೋಳಿಮರಿಯ ದೇಹದಲ್ಲಿ ವೈರಸ್ ಮೊದಲೇ ಸೇರಿಕೊಂಡಿತ್ತು, ಗಾಯ ಅದಕ್ಕೆ ದಾರಿ ಮಾಡಿತು. ಬಯಾಪ್ಸಿಯ ಸೂಜಿ ಮಾಡುವುದು ಕೆಲವೇ ದಿನಗಳಲ್ಲಿ ಮಾಯುವ ಪುಟ್ಟ ಗಾಯ. ಸೂಜಿಯ ದಾರಿಯಲ್ಲಿ ಕೆಲವು ಕೋಶಗಳು ಸರಿದಿರುವುದು ಸೂಕ್ಷ್ಮದರ್ಶಕದಲ್ಲಿ ಕಾಣುವುದುಂಟು. ಅವು ಬಹುತೇಕ ಅಲ್ಲಿಯೇ ಸಾಯುತ್ತವೆ, ಮುಂದೆ ಆಪರೇಷನ್ ಮತ್ತು ಇತರ ಚಿಕಿತ್ಸೆಯೂ ಇರುತ್ತದೆ. ಬಯಾಪ್ಸಿ ಮಾಡಿಸಿಕೊಂಡವರ ಆಯುಷ್ಯ ಅದರಿಂದ ಕಡಿಮೆಯಾದದ್ದು ಕಂಡುಬಂದಿಲ್ಲ. ಗ್ರೇಡ್ 3, ಅಂದರೆ ಸಾಮಾನ್ಯ ಕೋಶಗಳನ್ನು ತೀರ ಕಡಿಮೆ ಹೋಲುವುದು, ಕ್ಯಾನ್ಸರ್ ಕೋಶಗಳ ಸ್ವಭಾವ. ಸೂಜಿಯಿಂದ ಬಂದದ್ದಲ್ಲ, ಸೂಜಿಯಿಂದ ತಿಳಿದದ್ದು. ಇಆರ್, ಪಿಆರ್, ಹರ್-2 ಗೊತ್ತಿಲ್ಲದೆ ಕೀಮೋ ಯಾವುದೆಂದು ತೀರ್ಮಾನಿಸಲು ಬರುವುದೇ ಇಲ್ಲ. ನಾನು ನೋಡಿರುವ ನಷ್ಟವೆಲ್ಲ ಸೂಜಿಗೆ ಹೆದರಿ ಆರು ತಿಂಗಳು ಪಟ್ಟು ಹಾಕಿಸಿಕೊಂಡು, ಶಾಖ ಕೊಟ್ಟು, ತಿಕ್ಕಿಸಿಕೊಂಡು ಬಂದವರದು.

ಆಪರೇಷನ್ ವೇಳೆಯ ಸುತ್ತಲಿನ ಅಂಗಾಂಶದ ಬಗ್ಗೆ ನಮ್ಮ ದೇಶದಲ್ಲೇ ಒಂದು ಗಮನಾರ್ಹ ಅಧ್ಯಯನ ನಡೆದಿದೆ. ಮುಂಬೈನ ಟಾಟಾ ಮೆಮೋರಿಯಲ್ ಕೇಂದ್ರದ ರಾಜೇಂದ್ರ ಬಡ್ವೆ ಮತ್ತು ಸಹೋದ್ಯೋಗಿಗಳು ಗಡ್ಡೆ ತೆಗೆಯುವ ಏಳರಿಂದ ಹತ್ತು ನಿಮಿಷ ಮೊದಲು ಅದರ ಸುತ್ತ ಲಿಡೊಕೇನ್, ಅಂದರೆ ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುವ ಅದೇ ಅಗ್ಗದ ಔಷಧ, ಚುಚ್ಚಿ ನೋಡಿದರು. ದೇಶದ 11 ಕೇಂದ್ರಗಳ 1,583 ಮಹಿಳೆಯರಲ್ಲಿ, ಐದು ವರ್ಷದ ನಂತರ ಬದುಕಿದ್ದವರು ಚುಚ್ಚಿದ ಗುಂಪಿನಲ್ಲಿ ಶೇ. 90.1, ಚುಚ್ಚದ ಗುಂಪಿನಲ್ಲಿ ಶೇ. 86.4, ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಚಾಕು ತಾಗಿದಾಗ ಗಡ್ಡೆಯಲ್ಲಿ ಏಳುವ ಸಂಕೇತಗಳನ್ನು ಇದು ತಣಿಸುತ್ತದೆ ಎಂಬುದು ವಿವರಣೆ. ನನಗೆ ಇದರ ಮೇಲೆ ಭರವಸೆ ಇದೆ, ಆದರೂ ಬೇರೆಡೆಯೂ ಇದೇ ಫಲಿತಾಂಶ ಬರುವುದನ್ನು ನೋಡಬೇಕು. ಮೇಲಾಗಿ ಆ ಮಹಿಳೆಯರೆಲ್ಲ ಮೊದಲೇ ಆಪರೇಷನ್ ಆದವರು, ನಿಮ್ಮ ಅಕ್ಕನವರಂತೆ ಮೊದಲು ಕೀಮೋ ಪಡೆದವರಲ್ಲ.

ಉರಿಯೂತ ತಗ್ಗಿಸಿದರೆ ಕ್ಯಾನ್ಸರ್ ತಗ್ಗುತ್ತದೆ ಎಂಬ ತರ್ಕ ಕೇಳಲು ಚೆನ್ನ. ಅದೇ ತರ್ಕದ ಮೇಲೆ 3,020 ಸ್ತನ ಕ್ಯಾನ್ಸರ್ ರೋಗಿಗಳಿಗೆ ದಿನಕ್ಕೆ 300 ಮಿಲಿಗ್ರಾಂ ಆಸ್ಪಿರಿನ್, ಇಲ್ಲವೆ ಹುಸಿ ಮಾತ್ರೆ ಕೊಟ್ಟು ನೋಡಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಸ್ಪಿರಿನ್‌ನಿಂದ ಏನೂ ಲಾಭವಾಗಲಿಲ್ಲ. ‘ಗಡ್ಡೆಯ ಸುತ್ತ ಆಮ್ಲ ಇರುತ್ತದೆ, ಕ್ಷಾರೀಯ ನೀರು ಕುಡಿಯಿರಿ’ ಎಂದು ಮಾರುವವರಿಗೂ ಇದೇ ಉತ್ತರ. ಗಡ್ಡೆಯ ಸುತ್ತ ಲ್ಯಾಕ್ಟಿಕ್ ಆಮ್ಲ ಸೇರುವುದು ನಿಜ, ಅದು ಅಲ್ಲಿಯ ಕೋಶಗಳೇ ತಯಾರಿಸಿದ್ದು. ಕುಡಿದ ನೀರು ಹೊಟ್ಟೆಯ ಆಮ್ಲ ದಾಟಿದ ಮೇಲೂ ರಕ್ತದ ಪಿಎಚ್ ಅನ್ನು ಶ್ವಾಸಕೋಶ ಮತ್ತು ಮೂತ್ರಪಿಂಡಗಳು 7.35ರಿಂದ 7.45ರೊಳಗೆ ಹಿಡಿದಿಡುತ್ತವೆ, ಗಡ್ಡೆಯ ನೆರೆಗೆ ಆ ನೀರಿನ ಸುದ್ದಿಯೂ ಮುಟ್ಟುವುದಿಲ್ಲ. ಸಾರಿನ ಅರಿಶಿನಕ್ಕೆ ಯಾವ ಅಡ್ಡಿಯೂ ಇಲ್ಲ, ಅರಿಶಿನದ ಕ್ಯಾಪ್ಸೂಲು ಮತ್ತು ಕಷಾಯದ ಪುಡಿಗಳನ್ನು ಮಾತ್ರ ಕೀಮೋ ನಡೆಯುವಾಗ ಡಾಕ್ಟರಿಗೆ ತೋರಿಸದೆ ಕೊಡಬೇಡಿ, ಏಕೆಂದರೆ ಕೀಮೋ ಔಷಧವನ್ನು ಅರಗಿಸುವ ಯಕೃತ್ತಿಗೇ ಅವೂ ಹೊರೆಯಾಗಬಹುದು. ದಿನಾ ನಡೆದಾಡುವುದು, ಬೇಳೆ, ಮೊಟ್ಟೆ, ಮೊಸರು ಚೆನ್ನಾಗಿ ತಿಂದು ಶಕ್ತಿ ಉಳಿಸಿಕೊಳ್ಳುವುದು, ಚಿಕಿತ್ಸೆಯ ದಿನ ತಪ್ಪಿಸದಿರುವುದು, ಮನೆಯಿಂದ ಮಾಡಬಹುದಾದದ್ದು ಇಷ್ಟೇ.

ಕೊನೆಗೊಂದು ಕೆಲಸದ ಮಾತು. ಬಯಾಪ್ಸಿಯ ಚೂರುಗಳನ್ನು ಅಚ್ಚು ಹಾಕಿಟ್ಟ ಮೇಣದ ಬ್ಲಾಕ್ ಮತ್ತು ಸ್ಲೈಡುಗಳು ಪರೀಕ್ಷೆ ಮಾಡಿದ ಲ್ಯಾಬಿನಲ್ಲಿ ಇರುತ್ತವೆ. ಬೆಂಗಳೂರಿನ ಕಿದ್ವಾಯಿಯಲ್ಲೋ ಬೇರೆಲ್ಲೋ ಎರಡನೆಯ ಅಭಿಪ್ರಾಯ ಕೇಳುವುದಾದರೆ ಅವನ್ನು ಬರೆದುಕೊಟ್ಟು ಪಡೆದುಕೊಳ್ಳಬಹುದು, ಹೊಸದಾಗಿ ಸೂಜಿ ಚುಚ್ಚಿಸಬೇಕಾಗಿ ಬರುವುದು ಕಡಿಮೆ. ಮೇಣ ಕರಗದಂತೆ ಬಿಸಿಲಿನಿಂದ ದೂರವಿಡಿ, ಬಸ್ಸಿನಲ್ಲಿ ಒಯ್ಯುವಾಗ ಕಿಟಕಿಯ ಪಕ್ಕದ ಚೀಲದಲ್ಲಿ ಇಡಬೇಡಿ. ಕೀಮೋ ಮುಗಿದು ಆಪರೇಷನ್ ಆದಮೇಲೆ ಬರುವ ವರದಿಯಲ್ಲಿ ‘ಪಿಸಿಆರ್’ ಎಂಬ ಪದವನ್ನು ಹುಡುಕಿ. ಸ್ತನದಲ್ಲೂ ಕಂಕುಳಿನ ಗ್ರಂಥಿಗಳಲ್ಲೂ ಇನ್‌ವೇಸಿವ್ ಕ್ಯಾನ್ಸರ್ ಉಳಿದಿಲ್ಲ ಎಂದು ಅದರ ಅರ್ಥ. ಪಿಸಿಆರ್ ಆಗಿಲ್ಲವೆಂದಾದರೆ ಕೆಪೆಸಿಟಬಿನ್ ಎಂಬ ಕೀಮೋ ಮಾತ್ರೆಯಂತಹ ಮುಂದಿನ ಚಿಕಿತ್ಸೆ ಬೇಕೇ ಎಂದು ಡಾಕ್ಟರನ್ನು ಅಂದೇ ಕೇಳಿ.